ವಿಷ ಇಳಿದ ಮೇಲೆ

ಕೊಳಕುಮಂಡಲ ಕಚ್ಚಿ ಬದುಕಿದ ಗಂಡಸನ್ನು, ಗಾಯ ಮಾಯ್ದು ವರ್ಷ ಕಳೆದಿದ್ದರೂ ಸರಿಯೆ, ಒಂದು ಮಾತು ಕೇಳಬೇಕು: ಈಗ ಎಷ್ಟು ದಿನಕ್ಕೊಮ್ಮೆ ಗಡ್ಡ ಹೆರೆದುಕೊಳ್ಳುತ್ತೀರಿ? ಹೆಣ್ಣುಮಗಳಾದರೆ, ಮುಟ್ಟು ತಿಂಗಳು ತಿಂಗಳಿಗೆ ಆಗುತ್ತಿದೆಯೆ ಎಂದು ಕೇಳಬೇಕು. ಹಾವಿಗೂ ಗಡ್ಡಕ್ಕೂ ಏನು ನಂಟು ಎಂದು ನಗು ಬರುವುದು ಸಹಜ. ಈ ಎರಡು ಪ್ರಶ್ನೆಗಳ ಹಿಂದೆ ಅರ್ಧ ಶತಮಾನದ ವೈದ್ಯಕೀಯ ಸಂಶೋಧನೆ ಇದೆ. ಅದರಲ್ಲಿ ದೊಡ್ಡ ಪಾಲು ಬಂದದ್ದು ಬರ್ಮಾದ ಭತ್ತದ ಗದ್ದೆಗಳಿಂದ ಮತ್ತು ನಮ್ಮದೇ ದಕ್ಷಿಣದ ಹೊಲಗಳಿಂದ.

ಸೇಲಂ, ಧರ್ಮಪುರಿ ಸೀಮೆಯನ್ನೇ ತೆಗೆದುಕೊಳ್ಳಿ. 1965ರ ಅಕ್ಟೋಬರ್ 2ರವರೆಗೆ ಇವೆರಡೂ ಒಂದೇ ಜಿಲ್ಲೆ. ಆಮೇಲೆ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಅದರಿಂದ ಕೃಷ್ಣಗಿರಿಯೂ ಹೊರಬಂತು. ಹೊಸೂರು, ತಳಿ, ಡೆಂಕಣಿಕೋಟೆಯ ಕಡೆ ಮನೆಮಾತು ಕನ್ನಡವಾಗಿರುವ ಹಳ್ಳಿಗಳು ಬೇಕಾದಷ್ಟಿವೆ. ಸೇಲಂ ಪಟ್ಟಣದ ದೇವಾಂಗ ನೇಕಾರರ ಮನೆಗಳಲ್ಲೂ ಕನ್ನಡ ಇದೆ. ಧರ್ಮಪುರಿಯ ಮಳೆಯಾಧಾರಿತ ಹೊಲಗಳಲ್ಲಿ ರಾಗಿ, ಸಾಮೆ, ಕಡಲೆಕಾಯಿ. ಪಾಲಕ್ಕೋಡಿನ ಕಡೆ ಟೊಮೆಟೊ. ಸೇಲಂ ಸುತ್ತ ಸಬ್ಬಕ್ಕಿಗೆ ಹೋಗುವ ಮರಗೆಣಸು. ಬದುವಿನ ಪೊದೆ, ಹುಲ್ಲಿನ ಬಣವೆ, ಕಾಳು ತಿನ್ನಲು ಬರುವ ಇಲಿ, ಇಲಿಯ ಹಿಂದೆ ಬರುವ ಕೊಳಕುಮಂಡಲ. ತಮಿಳರು ಇದನ್ನು ಕಣ್ಣಾಡಿ ವಿರಿಯನ್ ಎನ್ನುತ್ತಾರೆ. ಸಂಜೆಗತ್ತಲಲ್ಲಿ ಓಡಾಡುವ ಹಾವು, ಮೈಬಣ್ಣ ಒಣಎಲೆಯೊಳಗೆ ಬೆರೆತುಹೋಗುತ್ತದೆ. ತುಳಿದರೆ ಕಾಲಿಗೇ ಹಾಕುತ್ತದೆ.

ಕಚ್ಚಿದ ಮೇಲಿನ ಕಥೆ ಹಳ್ಳಿಯವರಿಗೆ ಗೊತ್ತಿರುವುದೇ. ಕಾಲು ಊದುತ್ತದೆ, ಒಸಡಿನಲ್ಲಿ ರಕ್ತ ಒಸರುತ್ತದೆ, ಮೂತ್ರ ಕೆಂಪಾಗುತ್ತದೆ ಇಲ್ಲವೇ ನಿಂತೇ ಹೋಗುತ್ತದೆ. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಒಣ ಗಾಜಿನ ಕೊಳವೆಗೆ ಹಾಕಿ ಇಪ್ಪತ್ತು ನಿಮಿಷ ಅಲುಗಾಡಿಸದೆ ಇಡುತ್ತಾರೆ. ಆಮೇಲೆ ವಾಲಿಸಿ ನೋಡಿದಾಗ ಅದು ಇನ್ನೂ ನೀರಾಗಿ ಹರಿದರೆ ವಿಷ ರಕ್ತದಲ್ಲಿ ಕೆಲಸ ಮಾಡುತ್ತಿದೆ ಎಂದು ಅರ್ಥ. ಯಂತ್ರ ಬೇಡ, ಕರೆಂಟು ಬೇಡ, ತಾಲೂಕು ಆಸ್ಪತ್ರೆಯಲ್ಲೂ ಆಗುವ ಪರೀಕ್ಷೆ. ಪ್ರತಿವಿಷದ ಸೀಸೆಗಳು ಒಂದರ ಹಿಂದೆ ಒಂದು ಡ್ರಿಪ್ಪಿನಲ್ಲಿ ಇಳಿಯುತ್ತವೆ. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್. ರಕ್ತ ಮತ್ತೆ ಹೆಪ್ಪುಗಟ್ಟಿತು, ಮೂತ್ರ ಬಂತು, ಊತ ಇಳಿಯಿತು ಎಂದರೆ ಡಿಸ್ಚಾರ್ಜ್. ಮನೆಯವರು ಹರಕೆ ತೀರಿಸುತ್ತಾರೆ, ಸಾಲದ ಬಡ್ಡಿ ಲೆಕ್ಕ ಹಾಕಲು ಕೂರುತ್ತಾರೆ.

ಕೆಲವರಲ್ಲಿ ನಿಜವಾದ ಕಷ್ಟ ಶುರುವಾಗುವುದು ಆ ನಂತರ. ತಿಂಗಳುಗಳು ಕಳೆದ ಮೇಲೆ, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ, ಮೊದಲಿದ್ದ ಮನುಷ್ಯ ಇವನಲ್ಲ ಎಂದು ಮನೆಯವರಿಗೆ ಅನ್ನಿಸತೊಡಗುತ್ತದೆ. ಬೆಳಗ್ಗೆ ಏಳಲಾಗದ ಸುಸ್ತು. ಎಲ್ಲರೂ ಬೆವರುವ ಹೊತ್ತಿನಲ್ಲಿ ಇವನಿಗೆ ಚಳಿ. ಹಸಿವಿಲ್ಲ, ನಿಂತರೆ ತಲೆಸುತ್ತು, ಮುಖ ಬಿಳಿಚಿಕೊಂಡಿದೆ. ಗಡ್ಡ, ಕಂಕುಳ ಕೂದಲು ಉದುರಿ ಚರ್ಮ ನುಣುಪಾಗಿದೆ. ಹೆಂಡತಿಯ ಹತ್ತಿರ ಹೋಗುವ ಮನಸ್ಸಿಲ್ಲ. ಹೆಂಗಸಾದರೆ ಮುಟ್ಟು ನಿಂತಿದೆ. ಇನ್ನೂ ಮೂವತ್ತು ದಾಟಿಲ್ಲ. ಮಗುವಾದರೆ ಎತ್ತರ ಬೆಳೆಯುವುದು ನಿಂತಿದೆ. ರಕ್ತ ಕಮ್ಮಿ ಎಂದು ಕಬ್ಬಿಣದ ಮಾತ್ರೆ, ನಿಶ್ಶಕ್ತಿ ಎಂದು ಟಾನಿಕ್ಕು, ಮನಸ್ಸಿನ ಕಾಯಿಲೆ ಎಂದು ನಿದ್ದೆಮಾತ್ರೆ, ಯಾರೋ ಮಾಟ ಮಾಡಿಸಿದ್ದಾರೆ ಎಂದು ತಾಯತ. ಒಂದು ದಿನ ಸಣ್ಣ ಜ್ವರ ಬರುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ, ಸಕ್ಕರೆ ಕುಸಿಯುತ್ತದೆ, ಮನುಷ್ಯ ಎಚ್ಚರ ತಪ್ಪುತ್ತಾನೆ. ಆಗ ಅದನ್ನು ಹಾವಿನ ಕಡಿತಕ್ಕೆ ಜೋಡಿಸಿ ನೋಡುವವರು ಎಷ್ಟು ಜನ?

ನಡೆದದ್ದು ಇಷ್ಟು. ಮಿದುಳಿನ ಬುಡದಲ್ಲಿ, ಎಲುಬಿನ ಒಂದು ಸಣ್ಣ ಗುಣಿಯಲ್ಲಿ ಪಿಟ್ಯುಟರಿ ಎಂಬ ಗ್ರಂಥಿ ಕೂತಿದೆ. ತೂಕ ಅರ್ಧ ಗ್ರಾಂ ಆಸುಪಾಸು. ಥೈರಾಯ್ಡ್, ಅಂಡಾಶಯ, ವೃಷಣ, ಅಡ್ರಿನಲ್ ಇವೆಲ್ಲ ಕೆಲಸ ಮಾಡುವುದು ಅದರ ಅಪ್ಪಣೆಯ ಮೇಲೆ. ಅಡ್ರಿನಲ್‌ಗಳು ಎರಡು, ಒಂದೊಂದು ಕಿಡ್ನಿಯ ನೆತ್ತಿಯ ಮೇಲೂ ಒಂದೊಂದು. ಪಿಟ್ಯುಟರಿ ಎಸಿಟಿಎಚ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಟ್ಟರೆ ಅಡ್ರಿನಲ್ ಕಾರ್ಟಿಸಾಲ್ ತಯಾರಿಸುತ್ತದೆ. ಜ್ವರ, ಗಾಯ, ಉಪವಾಸ, ಭಯ ಯಾವುದೇ ಬಂದರೂ ದೇಹ ತಾಳಿಕೊಳ್ಳುವುದು ಕಾರ್ಟಿಸಾಲ್‌ನ ಬಲದಿಂದ. ಕೊಳಕುಮಂಡಲದ ವಿಷ ಪಿಟ್ಯುಟರಿಯನ್ನು ಕೊಂದರೆ ಅಡ್ರಿನಲ್‌ಗಳು ಗಟ್ಟಿಮುಟ್ಟಾಗಿದ್ದೂ ಸುಮ್ಮನೆ ಕೂರುತ್ತವೆ. ಮೇಟೂರು ಕಾಲುವೆಯ ಕೊನೆಯ ಹೊಲ ಒಣಗಿದ್ದನ್ನು ಕಂಡು ಆ ಹೊಲದ ಮಣ್ಣನ್ನು ದೂರಿ ಏನು ಬಂತು, ಮೇಲೆ ತೂಬೇ ಮುಚ್ಚಿದ್ದರೆ?

ಇಲ್ಲೊಂದು ಸೂಕ್ಷ್ಮ ಇದೆ. ಅಡ್ರಿನಲ್ ಗ್ರಂಥಿಯೇ ಹಾಳಾದರೆ ರೋಗಿಯ ಚರ್ಮ ಕಪ್ಪಾಗುತ್ತದೆ. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲೇ ಇದನ್ನು ಬರೆದಿಟ್ಟಿದ್ದ. ಅಂಗೈ ಗೆರೆ, ಒಸಡು ಎಲ್ಲ ಕಪ್ಪು. ರಕ್ತದಲ್ಲಿ ಪೊಟ್ಯಾಸಿಯಂ ಏರಿಕೆ. ಪಿಟ್ಯುಟರಿ ಹಾಳಾದವನು ಇದಕ್ಕೆ ತದ್ವಿರುದ್ಧ: ಬಿಳಿಚಿಕೊಳ್ಳುತ್ತಾನೆ. ಅದಕ್ಕೇ ಇವನು ರಕ್ತಹೀನನೆಂದು ಕಬ್ಬಿಣದ ಮಾತ್ರೆ ನುಂಗುತ್ತ ವರ್ಷಗಟ್ಟಲೆ ತಿರುಗುವುದು.

ಪಿಟ್ಯುಟರಿ ಹೀಗೆ ಒಮ್ಮೆಲೇ ಸಾಯಬಹುದು ಎಂಬುದು ಮೊದಲು ಸ್ಪಷ್ಟವಾದದ್ದು ಹಾವಿನ ವಾರ್ಡಿನಲ್ಲಿ ಅಲ್ಲ, ಹೆರಿಗೆ ಆಸ್ಪತ್ರೆಯ ಶವಾಗಾರದಲ್ಲಿ. ಕ್ರಾಕೋವಿನ ಗ್ಲಿನ್ಸ್ಕಿ 1913ರಲ್ಲಿ, ಹ್ಯಾಂಬರ್ಗಿನ ಸಿಮಂಡ್ಸ್ 1914ರಲ್ಲಿ ಇದರ ಸುಳಿವು ಕೊಟ್ಟಿದ್ದರು. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ರೋಗಶಾಸ್ತ್ರಜ್ಞನಾಗಿದ್ದ ಹೆರಾಲ್ಡ್ ಶೀಹನ್ 1937ರಲ್ಲಿ ಅದನ್ನು ಸಾಧಿಸಿ ತೋರಿಸಿದ. ಬಸುರಿನಲ್ಲಿ ಪಿಟ್ಯುಟರಿ ಹಿಗ್ಗಿರುತ್ತದೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಕುಸಿದರೆ ಆ ಹಿಗ್ಗಿದ ಗ್ರಂಥಿಗೆ ರಕ್ತ ಸಾಲದೆ ಅದು ಸಾಯುತ್ತದೆ. ಬಾಣಂತಿಗೆ ಎದೆಹಾಲು ಬರುವುದಿಲ್ಲ, ಮುಟ್ಟು ಮರಳುವುದಿಲ್ಲ. ಇದಕ್ಕೆ ಶೀಹನ್ ಸಿಂಡ್ರೋಮ್ ಎಂದೇ ಹೆಸರಾಯಿತು. ಶ್ರೀಮಂತ ದೇಶಗಳಲ್ಲಿ ಹೆರಿಗೆಯ ಆರೈಕೆ ಸುಧಾರಿಸಿ ಈ ಕಾಯಿಲೆ ಅಪರೂಪವಾಯಿತು. ನಮ್ಮಲ್ಲಿ ಇನ್ನೂ ಇದೆ.

ಬಸುರಿಗೂ ಹೆರಿಗೆಗೂ ಸಂಬಂಧವೇ ಇಲ್ಲದ ಗಂಡಸರಲ್ಲಿ ಅದೇ ಲಕ್ಷಣಗಳು ಕಾಣತೊಡಗಿದ್ದು ಹಾವು ಕಚ್ಚಿದವರಲ್ಲಿ. 1976ರಲ್ಲಿ ಸಿ. ಕೆ. ಈಪನ್ ಮತ್ತು ಅವರ ಜೊತೆಗಾರರು ದಕ್ಷಿಣ ಭಾರತದ ರೋಗಿಗಳ ವಿವರ ಕೊಟ್ಟು, ಮಂಡಲ ಜಾತಿಯ ಹಾವು ಕಚ್ಚಿದ ಮೇಲೆ ಪಿಟ್ಯುಟರಿ ಸೋಲುತ್ತದೆ ಎಂದು ಬರೆದರು. ಪುಸ್ತಕವೊಂದರ ಒಳಪುಟಗಳಲ್ಲಿ ಬಂದ ಆ ಬರಹವನ್ನು ಲೋಕ ಅಷ್ಟಾಗಿ ಗಮನಿಸಲಿಲ್ಲ. ಹನ್ನೊಂದು ವರ್ಷದ ನಂತರ, 1987ರಲ್ಲಿ, ಬರ್ಮಾದ ತುನ್ ಪೆ, ಆಕ್ಸ್‌ಫರ್ಡಿನ ಡೇವಿಡ್ ವಾರೆಲ್ ಮತ್ತಿತರರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರ್ಮಾದ ಅನುಭವವನ್ನು ಪ್ರಕಟಿಸಿದಾಗ ವಿಷಯ ಜಗತ್ತಿಗೆ ತಿಳಿಯಿತು. ಗದ್ದೆಯಲ್ಲಿ ಕಚ್ಚಿಸಿಕೊಂಡ ರೈತರಲ್ಲಿ ಕೆಲವರಿಗೆ ಆಸ್ಪತ್ರೆಯಲ್ಲೇ ಪಿಟ್ಯುಟರಿ ಕೈಕೊಟ್ಟಿತ್ತು. ಎಷ್ಟೋ ಹಿಂದೆ ಕಚ್ಚಿಸಿಕೊಂಡು ಬದುಕುಳಿದ ಇನ್ನು ಕೆಲವರು ಶೀಹನ್ ಹೇಳಿದ ಬಾಣಂತಿಯರಂತೆ ಬಿಳಿಚಿಕೊಂಡು, ಕೂದಲು ಕಳೆದುಕೊಂಡು ಜೀವ ಸವೆಸುತ್ತಿದ್ದರು. ವಾರೆಲ್ ಅವರ ಬದುಕನ್ನು ನೋಡಿದರೆ ಈ ಕೆಲಸ ಅವರಿಂದಲೇ ಏಕೆ ಆಯಿತು ಎಂಬುದು ಅರ್ಥವಾಗುತ್ತದೆ. ನೈಜೀರಿಯಾದ ಝಾರಿಯಾದಲ್ಲಿ ರೋಗಿಗಳನ್ನು ನೋಡಿ, 1979ರಲ್ಲಿ ಬ್ಯಾಂಕಾಕಿನಲ್ಲಿ ಉಷ್ಣವಲಯದ ಕಾಯಿಲೆಗಳ ಸಂಶೋಧನಾ ಘಟಕ ಕಟ್ಟಿ, ಹಾವು ಕಡಿತ ಬಡವರ ಕಾಯಿಲೆಯೆಂದು ಉಳಿದವರು ಬದಿಗೆ ಸರಿಸಿದ ಕಾಲದಲ್ಲಿ ಅದನ್ನೇ ಹಿಡಿದು ಕೂತ ವೈದ್ಯ ಅವರು. ಪ್ರಯೋಗಾಲಯದ ಗಾಜಿನೊಳಗಷ್ಟೇ ವಿಷ ನೋಡಿದವರಿಗೆ ಗಡ್ಡ ಹೋದ ರೈತ ಕಣ್ಣಿಗೆ ಬೀಳುತ್ತಿರಲಿಲ್ಲ.

ವಿಷ ಗ್ರಂಥಿಯನ್ನು ಹೇಗೆ ಕೊಲ್ಲುತ್ತದೆ? ಕೊಳಕುಮಂಡಲದ ವಿಷದಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಕಿಣ್ವಗಳಿವೆ. ರಕ್ತದ ಹತ್ತನೇ ಮತ್ತು ಐದನೇ ಅಂಶಗಳನ್ನು ಅವು ಒಮ್ಮೆಲೇ ಕೆರಳಿಸುತ್ತವೆ. ಸಣ್ಣ ಸಣ್ಣ ನಾಳಗಳಲ್ಲೆಲ್ಲ ಹೆಪ್ಪು ಕಟ್ಟಿ, ಹೆಪ್ಪುಗಟ್ಟುವ ಸಾಮಗ್ರಿಯೆಲ್ಲ ಖರ್ಚಾಗಿ, ಉಳಿದ ರಕ್ತ ನೀರಾಗುತ್ತದೆ. ಒಂದೇ ದೇಹದಲ್ಲಿ ಒಂದು ಕಡೆ ನಾಳ ಕಟ್ಟಿಕೊಂಡಿರುತ್ತದೆ, ಇನ್ನೊಂದು ಕಡೆ ರಕ್ತ ಸೋರುತ್ತಿರುತ್ತದೆ. ಪಿಟ್ಯುಟರಿಗೆ ರಕ್ತ ಹೋಗುವುದೇ ಒತ್ತಡ ಕಡಿಮೆಯಿರುವ ನವಿರಾದ ನಾಳಗಳ ಮೂಲಕ. ಅದು ಕೂತಿರುವುದು ಎಲುಬಿನ ಗುಣಿಯಲ್ಲಿ, ಊದಿದರೆ ಹಿಗ್ಗಲು ಜಾಗವಿಲ್ಲ. ನಾಳ ಕಟ್ಟಿಯೋ, ಒಳಗೇ ರಕ್ತ ಸುರಿದೋ, ಬಿಪಿ ಕುಸಿದೋ, ಇಲ್ಲ ಇವು ಮೂರೂ ಸೇರಿಯೋ ಗ್ರಂಥಿ ಸಾಯುತ್ತದೆ. ಇದೇ ವಿಷವನ್ನು 1934ರಲ್ಲಿ ಮ್ಯಾಕ್‌ಫರ್ಲೇನ್ ಮತ್ತು ಬಾರ್ನೆಟ್ ಎಂಬ ಇಂಗ್ಲಿಷ್ ವೈದ್ಯರು ಹಿಮೋಫಿಲಿಯಾ ರೋಗಿಗಳ ಗಾಯಕ್ಕೆ ಹಚ್ಚಿ ರಕ್ತ ನಿಲ್ಲಿಸಿದ್ದರು. ಇವತ್ತಿಗೂ ದೊಡ್ಡ ಪ್ರಯೋಗಾಲಯಗಳಲ್ಲಿ ಲೂಪಸ್ ಸಂಬಂಧದ ಒಂದು ರಕ್ತಪರೀಕ್ಷೆಗೆ ಇದನ್ನೇ ಬಳಸುತ್ತಾರೆ. ಬೆಂಗಳೂರಿನ ಲ್ಯಾಬಿನಲ್ಲಿ ಆ ಪರೀಕ್ಷೆಗೆ ದುಡ್ಡು ಕಟ್ಟುವವರಿಗೆ ತಮ್ಮ ರಕ್ತ ಯಾವ ಹಾವಿನ ವಿಷದೊಡನೆ ಬೆರೆಯುತ್ತದೆ ಎಂಬುದು ಗೊತ್ತಿರಲಿಕ್ಕಿಲ್ಲ.

ಎಲ್ಲ ಕಡೆಯ ಕೊಳಕುಮಂಡಲವೂ ಹೀಗೆ ಮಾಡುವುದಿಲ್ಲ ಎಂಬುದು ಇನ್ನೂ ಕುತೂಹಲದ ಸಂಗತಿ. ಪಿಟ್ಯುಟರಿ ಸೋತ ವರದಿಗಳು ಹೆಚ್ಚಾಗಿ ಬಂದಿರುವುದು ಬರ್ಮಾದಿಂದ ಮತ್ತು ಭಾರತದಿಂದ. ಶ್ರೀಲಂಕಾದಲ್ಲಿ ಈ ಹಾವು ಧಾರಾಳವಾಗಿದ್ದರೂ ಅಲ್ಲಿಂದ ಮೊದಲ ವರದಿ ಬಂದದ್ದು 2011ರಲ್ಲಿ. ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬದಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗರ್ ಅವರ ತಂಡ ದೇಶದ ನಾನಾ ಕಡೆಯ ಕೊಳಕುಮಂಡಲಗಳ ವಿಷವನ್ನು ಹೋಲಿಸಿ ಇದನ್ನು ತೋರಿಸಿದೆ. ನಮ್ಮ ಪ್ರತಿವಿಷಕ್ಕೆ ಬೇಕಾದ ವಿಷ ಬಹುಕಾಲದಿಂದ ಹೆಚ್ಚಾಗಿ ಬರುತ್ತಿರುವುದು ಚೆನ್ನೈ ಹತ್ತಿರದ ಇರುಳರ ಸಹಕಾರ ಸಂಘದಿಂದ, ಅಂದರೆ ತಮಿಳುನಾಡಿನ ಕರಾವಳಿ ಬಯಲಿನ ಹಾವುಗಳಿಂದ. ಆ ಪ್ರತಿವಿಷ ದೇಶದ ಎಲ್ಲ ಮೂಲೆಯ ವಿಷಕ್ಕೂ ಒಂದೇ ಸಮನೆ ನಾಟುವುದಿಲ್ಲ. ಹಾಗೆಂದು ಅದನ್ನು ಬಿಡುವ ಮಾತೇ ಇಲ್ಲ, ಇರುವ ಮದ್ದು ಅದೊಂದೇ. ಆದರೆ ಒಮ್ಮೆ ಸತ್ತ ಗ್ರಂಥಿಯನ್ನು ಯಾವ ಪ್ರತಿವಿಷವೂ ಎಬ್ಬಿಸಲಾರದು.

ಸೇಲಂನ ಮಗ್ಗುಲಿನ ಈರೋಡಿನಿಂದ ಬಂದ ವರದಿಯೊಂದು ಈ ಸೀಮೆಯವರು ತಿಳಿದಿರಬೇಕಾದದ್ದು. ಅಲ್ಲಿನ ಮಣಿಯನ್ ಮೆಡಿಕಲ್ ಸೆಂಟರಿನ ತುರ್ತು ಚಿಕಿತ್ಸಾ ವೈದ್ಯ ಸುಬ್ರಮಣಿಯನ್ ಸೆಂಥಿಲ್‌ಕುಮಾರನ್ ಮತ್ತು ಸಹಲೇಖಕರು 2023ರಲ್ಲಿ ಟಾಕ್ಸಿಕಾನ್ ಪತ್ರಿಕೆಯಲ್ಲಿ ಒಬ್ಬ ರೋಗಿಯ ವಿಷಯ ಬರೆದರು. ಕೊಳಕುಮಂಡಲ ಕಚ್ಚಿದ ಆ ರೋಗಿಗೆ ಪಿಟ್ಯುಟರಿಯಲ್ಲೂ ಎರಡೂ ಅಡ್ರಿನಲ್‌ಗಳಲ್ಲೂ ರಕ್ತಸ್ರಾವವಾಗಿತ್ತು. ಅಪ್ಪಣೆ ಕೊಡುವ ಗ್ರಂಥಿಗೂ ಪೆಟ್ಟು, ಅಪ್ಪಣೆ ಪಾಲಿಸುವ ಗ್ರಂಥಿಗಳಿಗೂ ಪೆಟ್ಟು. ಬೇಗ ಗುರುತಿಸಿದ್ದರಿಂದ ರೋಗಿ ಉಳಿದ. ಹಾವಿನ ವಾರ್ಡಿನಲ್ಲಿ ಬಿಪಿ ಏರದಿದ್ದರೆ ರಕ್ತ ಹೋಗಿದೆ, ನಂಜೇರಿದೆ, ಕಿಡ್ನಿ ಸೋತಿದೆ ಎಂದು ಯೋಚಿಸುವುದು ವಾಡಿಕೆ. ಕಾರ್ಟಿಸಾಲ್ ಇಲ್ಲದೆಯೂ ಬಿಪಿ ಏರದಿರಬಹುದು ಎಂದು ಆ ಹೊತ್ತಿಗೆ ಹೊಳೆಯಬೇಕು. ತಡವಾಗಿ ಕಾಣಿಸಿಕೊಳ್ಳುವ ಕಾಯಿಲೆಯ ಬಗ್ಗೆ ಬೆಂಗಳೂರಿನ ವೈಟ್‌ಫೀಲ್ಡಿನ ವೈದೇಹಿ ಸಂಸ್ಥೆಯ ಹಾರ್ಮೋನು ತಜ್ಞ ಸಿ. ಶಿವಪ್ರಸಾದ್ ಮತ್ತು ಜೊತೆಯವರು 2019ರಲ್ಲಿ ರೋಗಿಗಳ ಸರಣಿಯನ್ನೇ ಪ್ರಕಟಿಸಿದ್ದಾರೆ. ಹೊಸೂರಿನಿಂದ ವೈಟ್‌ಫೀಲ್ಡ್ ದೂರವೇನಲ್ಲ. ಗೊತ್ತಿರುವವರು ಹತ್ತಿರದಲ್ಲೇ ಇದ್ದಾರೆ; ಹಳ್ಳಿಯ ರೋಗಿಗೆ ಅವರ ಬಾಗಿಲಿನ ದಾರಿ ಗೊತ್ತಿಲ್ಲ, ಅಷ್ಟೆ.

ಹಾಗಾದರೆ ಏನು ಪರೀಕ್ಷೆ? ಬೆಳಗ್ಗೆ ಎಂಟರ ಹೊತ್ತಿಗೆ ತೆಗೆದ ರಕ್ತದಲ್ಲಿ ಕಾರ್ಟಿಸಾಲ್. ಎಂಟು ಗಂಟೆಯೇ ಏಕೆಂದರೆ ಆರೋಗ್ಯವಂತನಲ್ಲಿ ಅದು ಬೆಳಗಿನ ಜಾವ ಏರಿ, ರಾತ್ರಿಗೆ ಇಳಿಯುತ್ತದೆ. ಮಧ್ಯಾಹ್ನ ತೆಗೆದ ರಕ್ತದಿಂದ ತೀರ್ಮಾನ ಸಾಧ್ಯವಿಲ್ಲ. ಅದರ ಜೊತೆ ಥೈರಾಯ್ಡಿನ ಪರೀಕ್ಷೆ, ಸೋಡಿಯಂ, ಬೇಕಾದರೆ ಲೈಂಗಿಕ ಹಾರ್ಮೋನುಗಳದು. ಅನುಮಾನ ಉಳಿದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಅಡ್ರಿನಲ್ ಏಳುತ್ತದೋ ಇಲ್ಲವೋ ನೋಡುವ ಪರೀಕ್ಷೆ ಇದೆ, ಎಂಆರ್‌ಐ ಇದೆ. ಥೈರಾಯ್ಡ್ ಪರೀಕ್ಷೆಯಲ್ಲಿ ಒಂದು ಬೋನು ಇದೆ. ಊರಲ್ಲಿ ಸಾಮಾನ್ಯವಾಗಿ ಮಾಡಿಸುವುದು ಟಿಎಸ್‌ಎಚ್ ಒಂದನ್ನೇ. ಟಿಎಸ್‌ಎಚ್ ತಯಾರಾಗುವುದು ಪಿಟ್ಯುಟರಿಯಲ್ಲಿ, ಆ ಪಿಟ್ಯುಟರಿಯೇ ಸತ್ತಿದ್ದರೆ ಥೈರಾಯ್ಡ್ ಕುಗ್ಗಿದಾಗ ಟಿಎಸ್‌ಎಚ್ ಏರುವುದಾದರೂ ಹೇಗೆ? ವರದಿಯಲ್ಲಿ ನಾರ್ಮಲ್ ಎಂದು ಬರುತ್ತದೆ, ರೋಗಿಯನ್ನು ಮನೆಗೆ ಕಳಿಸುತ್ತಾರೆ. ಅದರೊಂದಿಗೆ ಟಿ4, ಅಂದರೆ ಥೈರಾಯ್ಡಿನದೇ ಹಾರ್ಮೋನಾದ ಥೈರಾಕ್ಸಿನ್ ಕೂಡ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ. ಪ್ರತಿವಿಷದ ಅಲರ್ಜಿಗೆಂದು ವಾರ್ಡಿನಲ್ಲಿ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟಿದ್ದರೆ ಅದು ಕಾರ್ಟಿಸಾಲ್ ಲೆಕ್ಕದಲ್ಲಿ ಸೇರಿಕೊಂಡು ಪರೀಕ್ಷೆಯನ್ನು ಕೆಡಿಸುತ್ತದೆ. ಆದ್ದರಿಂದ ಅದು ದೇಹದಿಂದ ಹೋದ ಮೇಲೆಯೇ ರಕ್ತ ತೆಗೆಯಬೇಕು.

ಚಿಕಿತ್ಸೆಯಲ್ಲಿ ಅನುಕ್ರಮವೇ ಮುಖ್ಯ. ಮೊದಲು ಸ್ಟೀರಾಯ್ಡ್, ಆಮೇಲೆ ಥೈರಾಕ್ಸಿನ್. ಇದನ್ನು ತಿರುಗುಮುರುಗು ಮಾಡಿದರೆ ಜೀವಕ್ಕೇ ಅಪಾಯ: ಥೈರಾಕ್ಸಿನ್ ದೇಹದ ಕೆಲಸವನ್ನು ಚುರುಕು ಮಾಡುತ್ತದೆ, ಇರುವ ಚೂರುಪಾರು ಕಾರ್ಟಿಸಾಲ್ ಬೇಗ ಮುಗಿದು ರೋಗಿ ಕುಸಿಯುತ್ತಾನೆ. ಸ್ಟೀರಾಯ್ಡ್ ಎಂದರೆ ನಮ್ಮ ಜನ ಬೆಚ್ಚುತ್ತಾರೆ. ಬೆಚ್ಚುವುದಕ್ಕೆ ಕಾರಣವೂ ಇದೆ. ಹೆಸರಿಲ್ಲದ ಮಾತ್ರೆ, ಮಂಡಿನೋವಿನ ಪುಡಿ ಎಂದು ಸ್ಟೀರಾಯ್ಡನ್ನು ಅಳತೆಯಿಲ್ಲದೆ ತಿಂದು ಮುಖ ಊದಿಸಿಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಇಲ್ಲಿಯ ಮಾತೇ ಬೇರೆ. ದೇಹ ತಾನೇ ತಯಾರಿಸಬೇಕಾಗಿದ್ದಷ್ಟನ್ನು, ಅಷ್ಟನ್ನೇ, ಹೊರಗಿನಿಂದ ಕೊಡುವುದು. ದಿನಕ್ಕೆ ಹದಿನೈದು ಇಪ್ಪತ್ತು ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್, ಅದು ಸಿಗದ ಕಡೆ ಸ್ವಲ್ಪ ಪ್ರೆಡ್ನಿಸೋಲೋನ್. ಪ್ರೆಡ್ನಿಸೋಲೋನ್ ಅಗ್ಗ, ಹಳ್ಳಿಯ ಮೆಡಿಕಲ್ ಸ್ಟೋರಿನಲ್ಲೂ ಇರುತ್ತದೆ. ಜ್ವರ ಬಂದಾಗ, ಹಲ್ಲು ಕೀಳಿಸುವಾಗ ಪ್ರಮಾಣ ಎರಡು ಪಟ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ ಇಂಜೆಕ್ಷನ್ ಹಾಕಿಸಬೇಕು. ಹುಷಾರಾಯಿತು ಎಂದು ಒಂದು ದಿನವೂ ಬಿಡುವಂತಿಲ್ಲ. ಸರಿಯಾದ ಅಳತೆ ಸಿಕ್ಕಿದ ರೋಗಿಗಳು ಕೆಲವೇ ವಾರಗಳಲ್ಲಿ ಎದ್ದು ಹೊಲಕ್ಕೆ ಹೋಗುತ್ತಾರೆ. ವರ್ಷಗಟ್ಟಲೆ ಮಾಟವೆಂದು ತಿಳಿದದ್ದು ಕೆಲವು ರೂಪಾಯಿಯ ಮಾತ್ರೆಗೆ ಬಗ್ಗುವುದನ್ನು ಮನೆಯವರು ಕಣ್ಣಾರೆ ಕಾಣುತ್ತಾರೆ.

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾಗದು. 2000ದಿಂದ 2019ರ ನಡುವೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಎಂಬ ಅಂದಾಜು 2020ರಲ್ಲಿ ಹೊರಬಂತು. 2024ರ ಫೆಬ್ರವರಿಯಲ್ಲಿ ಕರ್ನಾಟಕ, ಅದೇ ವರ್ಷದ ನವೆಂಬರಿನಲ್ಲಿ ತಮಿಳುನಾಡು, ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿದವು. ಸಾವನ್ನು 2030ರೊಳಗೆ ಅರ್ಧಕ್ಕೆ ಇಳಿಸುವುದು ಕೇಂದ್ರದ ಗುರಿ. ಒಳ್ಳೆಯದೇ. ಆದರೆ ಈ ಗುರಿಯಲ್ಲಿ ಎಣಿಕೆಗೆ ಸಿಗುವುದು ಕಡಿತ ಮತ್ತು ಸಾವು. ನಡುವೆ ಬದುಕಿದವರು ಎಂಬ ಖಾನೆಗೆ ಬಿದ್ದವರ ಮೇಲೆ ಯಾರ ಕಣ್ಣೂ ಇಲ್ಲ. ಸಂಶೋಧಕ ಸಕ್ತಿವೇಲ್ ವಯ್ಯಾಪುರಿ ಅವರ ತಂಡ 2013ರಲ್ಲಿ ಪ್ರಕಟಿಸಿದ ತಮಿಳುನಾಡಿನ ಗ್ರಾಮ ಸಮೀಕ್ಷೆ 28 ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಹಾವು ಕಡಿತ ಬಡ ಕುಟುಂಬವನ್ನು ಹೇಗೆ ಸಾಲಕ್ಕೆ ತಳ್ಳುತ್ತದೆ ಎಂದು ತೋರಿಸಿತು. ಆ ಸಾಲವನ್ನು ದುಡಿದು ತೀರಿಸಬೇಕಾದವನಿಗೆ ದುಡಿಯುವ ತ್ರಾಣವೇ ಇಲ್ಲದಿದ್ದರೆ ಆ ಮನೆಯ ಪಾಡೇನು?

ಗಡಿಸೀಮೆಯಲ್ಲಿ ಇನ್ನೊಂದು ತೊಡಕು. ಪೆನ್ನಾಗರದ ಹೊಲದಲ್ಲಿ ಕಚ್ಚಿಸಿಕೊಂಡವನನ್ನು ಧರ್ಮಪುರಿಯಲ್ಲಿ ನೋಡಿ, ಸೇಲಂನಲ್ಲಿ ಡಯಾಲಿಸಿಸ್ ಮಾಡಿಸಿ, ಎರಡು ವರ್ಷದ ನಂತರ ಸುಸ್ತೆಂದು ಬೆಂಗಳೂರಿಗೆ ಕರೆತಂದರೆ, ಹಳೆಯ ಚೀಟಿ ಇಲ್ಲದೆ ಬೆಂಗಳೂರಿನ ವೈದ್ಯನಿಗೆ ಹಾವಿನ ಸಂಗತಿ ತಿಳಿಯುವುದು ಹೇಗೆ? ರೋಗಿಯೂ ಹೇಳುವುದಿಲ್ಲ, ಅವನ ಪಾಲಿಗೆ ಅದು ಎಂದೋ ಮುಗಿದ ಕಥೆ.

ಎರಡೂ ಸರ್ಕಾರಗಳ ಆರೋಗ್ಯ ಇಲಾಖೆಗಳಲ್ಲಿ ಕೇಳಿಕೊಳ್ಳುವುದಿಷ್ಟೆ. ಕೊಳಕುಮಂಡಲ ಕಚ್ಚಿ ಕಿಡ್ನಿ ಸೋತು ಉಳಿದವರ, ಬಿಪಿ ಕುಸಿದು ಉಳಿದವರ ಡಿಸ್ಚಾರ್ಜ್ ಚೀಟಿಯ ಮೇಲೆ, ಕನ್ನಡದಲ್ಲೂ ತಮಿಳಿನಲ್ಲೂ ಒಂದು ಸಾಲು ಅಚ್ಚು ಹಾಕಿಸಿ: ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಬೆಳಗಿನ ಕಾರ್ಟಿಸಾಲ್ ಮತ್ತು ಟಿ4 ಪರೀಕ್ಷೆ ಮಾಡಿಸಿಕೊಳ್ಳಿ, ಯಾವ ವೈದ್ಯರ ಬಳಿ ಹೋದರೂ ಹಾವು ಕಚ್ಚಿದ್ದನ್ನು ಮೊದಲು ಹೇಳಿ.